ಮುಹೂರ್ತ ಇಟ್ಟರೆ ಸೈಟು ಲೈವ್ ಆಗುತ್ತೆ

(1/5)
ಡಿಗ್ರಿ ಮುಗಿಸಿ ಹೊಸಪೇಟೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡೋ ಕೆಲಸ ಹಿಡೀಬೇಕು ಅಂತ ನಿಮ್ಮಲ್ಲಿ ಸುಮಾರು ಜನ ಮೆಸೇಜ್ ಮಾಡಿದ್ದೀರಿ. ಯಾವ ಕೋರ್ಸ್, ಯಾವ ಲ್ಯಾಪ್‌ಟಾಪ್, ವರ್ಡ್‌ಪ್ರೆಸ್ ಸಾಕಾ ಅಂತೆಲ್ಲ ಕೇಳ್ತೀರಿ. ಅದು ಕೆಲವು ತಿಂಗಳ ಮಾತು, ಕಲೀತೀರಿ. ಕೋರ್ಸಿನಲ್ಲಿ ಹೇಳಿಕೊಡದ ವಿಷಯ ಬೇರೆ ಇದೆ. ಸೈಟು ಮಾಡೋದು ಸುಲಭ, ಗಿರಾಕಿಯನ್ನ ಜೊತೆಗೆ ಕರ್ಕೊಂಡು ಹೋಗಿ ಅದನ್ನ ಲೈವ್ ಮಾಡಿಸೋದು ಕಷ್ಟ.

ಅಡ್ವಾನ್ಸ್ ಬಂದಿರುತ್ತೆ. ಡಿಸೈನ್ ಒಪ್ಪಿಗೆ ಆಗಿರುತ್ತೆ. ಆಮೇಲೆ "ಫೋಟೋ ಕಳಿಸ್ತೀನಿ ತಮ್ಮಾ" ಅಂದವರು ಮೂರು ತಿಂಗಳಾದ್ರೂ ಕಳಿಸಲ್ಲ. ನಿಮ್ಮ ಕೊನೇ ಕಂತು ಅಲ್ಲೇ ನಿಂತಿರುತ್ತೆ. ಇತ್ತ ಮನೆಯಲ್ಲಿ ಅಪ್ಪ "ಬೆಂಗಳೂರಿಗೆ ಹೋಗಿದ್ರೆ ತಿಂಗಳಿಗೆ ಸರಿಯಾಗಿ ಸಂಬಳ ಬರ್ತಿತ್ತು" ಅಂತ ಶುರು ಮಾಡಿರ್ತಾರೆ. ಈ ಊರಲ್ಲೇ ಉಳೀಬೇಕು ಅಂದ್ರೆ ಈ ಗಂಟು ಬಿಚ್ಚೋದನ್ನ ಕಲೀಲೇಬೇಕು.

(2/5) ಅವರು ಸೋಮಾರಿಗಳಲ್ಲ
ಹಂಪಿ ಕಡೆ ನಾನು ಸೈಟು ಮಾಡಿಕೊಟ್ಟ ಒಂದು ಹೋಮ್‌ಸ್ಟೇ. ಸೆಪ್ಟೆಂಬರ್ ಹೊತ್ತಿಗೇ ಪುಟಗಳೆಲ್ಲ ರೆಡಿ. ಬೇಕಿದ್ದದ್ದು ನಾಲ್ಕು ಕೋಣೆಗಳ ಫೋಟೋ, ಬಾಡಿಗೆ ಎಷ್ಟು ಅನ್ನೋದು, "ನಮ್ಮ ಬಗ್ಗೆ" ಅಂತ ಹತ್ತು ಸಾಲು, ಅಷ್ಟೇ. ಹಂಪಿಗೆ ಸೀಸನ್ ಅಂದ್ರೆ ಅಕ್ಟೋಬರ್‌ನಿಂದ ಫೆಬ್ರುವರಿ. ಬೇಸಿಗೆಯಲ್ಲಿ ಬಂಡೆ ಕಾದ ಮೇಲೆ ಯಾರು ಬರ್ತಾರೆ? ಸೈಟು ಇಲ್ಲದ ಒಂದೊಂದು ವಾರವೂ ಬುಕಿಂಗ್ ಆ್ಯಪ್‌ಗಳಿಗೆ ಕಮಿಷನ್ ಕಟ್ಟಬೇಕು. ನಷ್ಟ ಅವರದ್ದೇ. ಆದ್ರೂ ಆ ಹತ್ತು ಸಾಲು ಬರಲಿಲ್ಲ.

ಯಾಕೆ? ಆ ಅಣ್ಣ ಪ್ರವಾಸಿಗರ ಜೊತೆ ಮೂರು ಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡ್ತಾರೆ. ನಿಮ್ಮ ಬಗ್ಗೆ ನೀವೇ ಬರೀರಿ ಅಂದ್ರೆ ಮಾತ್ರ ಕೈ ಓಡಲ್ಲ. ಇನ್ನು ಬಾಡಿಗೆ. ಇಷ್ಟು ದಿನ ಸೀಸನ್ ನೋಡಿ, ಮುಖ ನೋಡಿ ಹೇಳ್ತಿದ್ದ ರೇಟು ಈಗ ಪಕ್ಕದ ಹೋಮ್‌ಸ್ಟೇಯವರಿಗೂ ಕಾಣುತ್ತೆ. "ಅಣ್ಣತಮ್ಮಂದಿರು ಕೂತು ಮಾತಾಡಿ ಹೇಳ್ತೀವಿ ಬಿಡಪ್ಪ" ಅಂತಾರೆ. ಅಂದ್ರೆ ನಿಂತಿರೋದು ಫೋಟೋ ಅಲ್ಲ, ತೀರ್ಮಾನ. ಅದಕ್ಕೇ ಮೊದಲ ದಿನವೇ ಕೇಳಿಬಿಡಿ: "ಕೊನೇ ಮಾತು ಯಾರದ್ದು?" ಆ ಒಬ್ಬರ ನಂಬರ್ ತಗೊಳ್ಳಿ.

(3/5) "ಬರೀರಿ" ಅನ್ನಬೇಡಿ, "ಹೇಳಿ" ಅನ್ನಿ
ಕಂಪ್ಲಿಯ ಒಬ್ಬ ಅಕ್ಕಿ ವ್ಯಾಪಾರಿಗೆ 20 ಪ್ರಶ್ನೆಯ ಗೂಗಲ್ ಫಾರ್ಮ್ ಕಳಿಸಿದ್ರೆ ಅವರು ತೆರೆಯೋರಲ್ಲ ಅಂತ ನನಗೆ ಗೊತ್ತಿತ್ತು. ಹೊಳೆ ದಂಡೆಯ ಭತ್ತದ ಊರು ಅದು. ಸುಗ್ಗಿಯಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತಿರಲ್ಲ. ಹಂಗಾಗಿ ದಿನಕ್ಕೆ ಒಂದೇ ಪ್ರಶ್ನೆ, ಅದೂ ವಾಟ್ಸ್ಆ್ಯಪ್ ವಾಯ್ಸ್‌ನಲ್ಲಿ. "ಸಾವ್ಕಾರ್ರೇ, ಎಷ್ಟೆಷ್ಟು ಕೆಜಿ ಚೀಲ ಕೊಡ್ತೀರಿ?" ಮರುದಿನ, "ಹಳೇ ಅಕ್ಕಿ, ಹೊಸ ಅಕ್ಕಿ ಗೊತ್ತಾಗೋದು ಹೆಂಗ್ರಿ?"

ಎರಡನೇದಕ್ಕೆ ನಾಲ್ಕು ನಿಮಿಷದ ಉತ್ತರ ಬಂತು. ಹಳೇ ಅಕ್ಕಿ ಅನ್ನ ಉದುರುದುರಾಗುತ್ತೆ, ನೀರು ಜಾಸ್ತಿ ಹಿಡಿಯುತ್ತೆ, ಹೊಸದು ಅಂಟಾಗುತ್ತೆ, ನೀರು ಕಡಿಮೆ ಇಡಬೇಕು ಅಂತ ಎಲ್ಲಾ. ಅದನ್ನೇ ಟೈಪ್ ಮಾಡಿ, ಓದಿ ಹೇಳಿ, "ಹೂಂ ಸರಿ ಐತಿ" ಅನಿಸಿಕೊಂಡು ಹಾಕಿದೆ. ಆ ಸೈಟಿನ ಒಳ್ಳೇ ಪುಟ ಅದೇ. ಫೋಟೋಗೂ ಕಾಯಬೇಡಿ. ಒಂದು ದಿನ ಬಸ್ ಹತ್ತಿ ಹೋಗಿ ನೀವೇ ತೆಗೀರಿ, ಆ ದಿನದ ಖರ್ಚನ್ನ ಕೊಟೇಶನ್‌ನಲ್ಲೇ ಸೇರಿಸಿರಿ.

(4/5) ಪೂರ್ತಿ ಆಗಲಿ ಅಂತ ಕಾದರೆ ತೆರೆಯೋದೇ ಇಲ್ಲ
ಸಂಡೂರಿನ ಲಂಬಾಣಿ ಕಸೂತಿ ನಿಮಗೆ ಗೊತ್ತು, ಜಿಐ ಗುರುತು ಸಿಕ್ಕಿರೋ ಕಲೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಣ್ಮಕ್ಕಳು ಮಾಡಿದ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರ್ತು. ಈಗ ಅಂಥ ಕೈಕೆಲಸಕ್ಕೆ ಒಂದು ಆನ್‌ಲೈನ್ ಅಂಗಡಿ ಮಾಡಬೇಕು ಅಂದ್ಕೊಳ್ಳಿ. ಒಂದರ ಹಾಗೆ ಇನ್ನೊಂದು ಇರಲ್ಲ. ಪ್ರತಿಯೊಂದಕ್ಕೂ ಬೇರೆ ಫೋಟೋ, ಬೇರೆ ಅಳತೆ, ಬೇರೆ ಬೆಲೆ. ಮಾರಾಟ ಆದ ತಕ್ಷಣ ಅದನ್ನ ಸೈಟಿನಿಂದ ತೆಗೀಬೇಕು. "ಎಲ್ಲಾ ಹಾಕಿದ ಮೇಲೆ ಓಪನ್ ಮಾಡೋಣ" ಅಂದ್ರೆ ಆ "ಎಲ್ಲಾ" ಅನ್ನೋ ದಿನ ಬರೋದೇ ಇಲ್ಲ.

12 ವಸ್ತು ಹಾಕಿ ಬಾಗಿಲು ತೆರೀರಿ. ಹೋಮ್‌ಸ್ಟೇಗೂ ಇದೇ ಲೆಕ್ಕ: ಫೋಟೋ, ಬಾಡಿಗೆ, ಮ್ಯಾಪ್, ವಾಟ್ಸ್ಆ್ಯಪ್ ಬಟನ್. ಆನ್‌ಲೈನ್ ಪೇಮೆಂಟ್, ಬ್ಲಾಗ್, ಇನ್ನೊಂದು ಭಾಷೆ ಎಲ್ಲ "ಎರಡನೇ ಹಂತ" ಅಂತ ಬರೆದಿಡಿ. ಅದಕ್ಕೆ ಬೇರೆ ದುಡ್ಡು.

(5/5) ತಾರೀಖು ಬೇಡ, ಮುಹೂರ್ತ ಇಡಿ
"30ನೇ ತಾರೀಖು ಲಾಂಚ್" ಅಂದ್ರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ನಮ್ಮ ಕಡೆ ಡೆಡ್‌ಲೈನ್ ಮುಂದಕ್ಕೆ ಹೋಗುತ್ತೆ, ಮುಹೂರ್ತ ಹೋಗಲ್ಲ. ಆಯುಧಪೂಜೆಗೆ ಲಾರಿಯಿಂದ ಹಿಡಿದು ಕಂಪ್ಯೂಟರ್‌ವರೆಗೆ ಕುಂಕುಮ ಇಡ್ತಾರೆ. ದೀಪಾವಳಿಗೆ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ, ಹೊಸ ಲೆಕ್ಕದ ಪುಸ್ತಕ. ವೆಬ್‌ಸೈಟೂ ಅಂಗಡಿ ತಾನೇ?

ಆ ಹೋಮ್‌ಸ್ಟೇ ಅಣ್ಣನಿಗೆ "ದೀಪಾವಳಿ ಪಾಡ್ಯದ ದಿನ ಓಪನಿಂಗ್ ಇಟ್ಕೊಳ್ಳೋಣ್ವಾ? ಅಮ್ಮನ ಕೈಲೇ ಬಟನ್ ಒತ್ತಿಸೋಣ" ಅಂದೆ. ಸಂಜೆಗೆಲ್ಲ ನೆಂಟರ ಗ್ರೂಪಲ್ಲಿ ಹಾಕಿಬಿಟ್ಟರು. ಎರಡೇ ದಿನಕ್ಕೆ ರೇಟು ಬಂತು.

ದುಡ್ಡಿನ ಮಾತನ್ನ ಮೊದಲೇ ಬರವಣಿಗೆಯಲ್ಲಿ ಮುಗಿಸಿ. ನನ್ನ ಲೆಕ್ಕ: ಶುರುವಿಗೆ ಶೇ. 50, ಡಿಸೈನ್ ಒಪ್ಪಿದಾಗ ಶೇ. 40, ಲೈವ್ ಆದ ದಿನ ಶೇ. 10. ಆಗ ಅವರ ತಡಕ್ಕೆ ನಿಮ್ಮ ಹೊಟ್ಟೆ ಕಟ್ಟಬೇಕಿಲ್ಲ. 15 ದಿನ ಉತ್ತರ ಬರದಿದ್ರೆ ಕೆಲಸ ನಿಲ್ಲುತ್ತೆ, ಮತ್ತೆ ಶುರು ಮಾಡೋಕೆ ಹೊಸ ದಿನ ಕೊಡ್ತೀನಿ ಅಂತಲೂ ಬರೀರಿ. ಡೊಮೇನ್ ಮಾತ್ರ ಗಿರಾಕಿ ಹೆಸರಲ್ಲೇ ತಗೊಳ್ಳಿ. ಅದನ್ನ ಹಿಡಿದಿಟ್ಕೊಂಡು ದುಡ್ಡು ವಸೂಲಿ ಮಾಡೋಕೆ ಹೋದ್ರೆ ಇಷ್ಟು ಚಿಕ್ಕ ಊರಲ್ಲಿ ಇನ್ನೊಂದು ಕೆಲಸ ಸಿಗಲ್ಲ.

ನಿಮ್ಮಲ್ಲಿ ಯಾರದ್ದಾದ್ರೂ ಪ್ರಾಜೆಕ್ಟ್ ನಿಂತಿದ್ರೆ ಇವತ್ತು "ಏನಾಯ್ತಣ್ಣ?" ಅಂತ ಮೆಸೇಜ್ ಹಾಕಬೇಡಿ. ಬಾಯಲ್ಲೇ ಉತ್ತರ ಹೇಳಬಹುದಾದ ಒಂದೇ ಒಂದು ಪ್ರಶ್ನೆ ವಾಯ್ಸ್‌ನಲ್ಲಿ ಕಳಿಸಿ. ಏನು ಬಂತು ಅಂತ ಕಾಮೆಂಟಲ್ಲಿ ಹೇಳಿ, ಓದ್ತೀನಿ.

#ಹೊಸಪೇಟೆ #ಹಂಪಿ #ಸಂಡೂರು #ಕಂಪ್ಲಿ #ವೆಬ್‌ಡಿಸೈನ್