ಅಳತೆಯ ಜಾಕೆಟ್

ಶ್ರೀಮಂಗಲದವರಿಗೆ ನೀರೆಂದರೆ ಮಳೆ, ಲಕ್ಷ್ಮಣತೀರ್ಥ, ಇರ್ಪು ಜಲಪಾತ. ಸಮುದ್ರ ಬೇಕೆಂದರೆ ಘಟ್ಟ ಇಳಿಯಬೇಕು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆಂದು ಹೋದಾಗ ನನಗೆ ಸಿಕ್ಕ ಬಿಸಿಡಿ, ಅಂದರೆ ನೀರಿನಲ್ಲಿ ತೇಲಿಕೆಯನ್ನು ಹತೋಟಿಯಲ್ಲಿಡುವ ಜಾಕೆಟ್, ಗಂಡಸರ ಅಳತೆಯದು. ಗಾಳಿ ತುಂಬಿದೊಡನೆ ಕಿವಿಯವರೆಗೆ ಏರಿತು, ಬೆನ್ನಿನ ಸಿಲಿಂಡರ್ ಪಕ್ಕಕ್ಕೆ ವಾಲಿತು. ಮೀನು ನೋಡುವುದು ಬಿಟ್ಟು ಪಟ್ಟಿ ಎಳೆದುಕೊಳ್ಳುವುದೇ ಕೆಲಸವಾಯಿತು. 'ಹೆಂಗಸರಿಗೆ ಮೊದಮೊದಲು ಹೆದರಿಕೆ' ಎಂದರು. ಎರಡನೆಯ ಸಲ ನನ್ನ ಅಳತೆಯದು ಸಿಕ್ಕಿತು. ಹೆದರಿಕೆ ಅಲ್ಲಿಗೇ ಅರ್ಧವಾಯಿತು.

ಹೆಂಗಸರಿಗೆಂದು ಹೊಲಿದದ್ದರಲ್ಲಿ ಭುಜದ ಪಟ್ಟಿ ಎದೆಯನ್ನು ಒತ್ತದೆ ಪಕ್ಕದಿಂದ ಬಳಸಿ ಇಳಿಯುತ್ತದೆ. ಬೆನ್ನಿನ ಉದ್ದ ಕಡಿಮೆ. ಆರಿಸುವಾಗ ವೆಟ್‌ಸೂಟಿನ ಮೇಲೆಯೇ ತೊಟ್ಟು, ಪೂರ್ತಿ ಗಾಳಿ ತುಂಬಿ, ಆಳವಾಗಿ ಉಸಿರೆಳೆದು ನೋಡಿ. ಪಕ್ಕೆಲುಬು ಬಿಗಿಯಬಾರದು. ಗೆಳತಿ ಭುಜದ ಪಟ್ಟಿ ಹಿಡಿದು ಎತ್ತಿದರೆ ಜಾಕೆಟ್ ಮೇಲೆ ಸರಿಯಬಾರದು. ಗಾಳಿ ಬಿಡುವ ಕವಾಟ ತಡಕಾಡದೆ ಕೈಗೆ ಸಿಗಬೇಕು.

ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಬೆನ್ನಿಗೆ ಸರಿಯಿತು, ಅಂದಿನಿಂದ ಕೊಡವ ಉಡುಗೆ ಹಾಗೇ ಉಳಿಯಿತು ಎಂದು ನಮ್ಮಲ್ಲಿ ಕಥೆ ಹೇಳುತ್ತಾರೆ. ನೀರಿಗೆ ತಕ್ಕಂತೆ ಉಟ್ಟವರ ಊರಿನವಳು, ಅಂಗಡಿಯಲ್ಲಿ ನನ್ನ ಅಳತೆ ಕೇಳಲು ನಾಚುವುದೇಕೆ?