ಗಾಜಿಗೆ ನೀರು ಬಾರದಾಗ...

ಕಾರು ನೋಡೋಕೆ ಹೋದಾಗ ಮೈಲೇಜು ಕೇಳ್ತೀವಿ, ಏಸಿ ಹಾಕಿ ನೋಡ್ತೀವಿ, ಹಾಡು ಹಚ್ಚಿ ಸ್ಪೀಕರ್ ಪರೀಕ್ಷೆ ಮಾಡ್ತೀವಿ. ಮುಂದಿನ ಗಾಜಿಗೆ ನೀರು ಚಿಮ್ಮುತ್ತಾ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಕಳೆದ ಮಳೆಗಾಲದಲ್ಲಿ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಕಾರು, ಕೊಂಡು ಇನ್ನೂ ಒಂದು ವಾರ. ಮಳೆ ಆಗಷ್ಟೇ ನಿಂತಿತ್ತು. ಎದುರಿನಿಂದ ಬಂದ ಟ್ಯಾಂಕರ್ ಹೊಂಡಕ್ಕಿಳಿದು ಗಾಜಿನ ತುಂಬ ಕೆಸರು ಎರಚಿತು. ವೈಪರ್ ಕಡ್ಡಿ ಎಳೆದರೆ ನೀರಿಲ್ಲ! ಒಣ ವೈಪರ್ ಆ ಕೆಸರನ್ನೇ ನೆಲ ಸಾರಿಸಿದ ಹಾಗೆ ಸಾರಿಸಿತು. "ನಿಂಗೆ ಎದುರು ಕಾಣ್ತಾ ಉಂಟಾ?" ಅಂದರು ಅಪ್ಪ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಮೂರು ಸೆಕೆಂಡು ಕಾಣದಿದ್ದರೆ 33 ಮೀಟರ್. ಪಕ್ಕದಲ್ಲಿ ಪ್ರಪಾತ. ಹೇಗೋ ಬದಿಗೆ ನಿಲ್ಲಿಸಿ, ಅಮ್ಮನ ಬಾಟಲಿ ನೀರು ಸುರಿದು ಗಾಜು ತೊಳೆದೆ.

ಬೆಂಗಳೂರಿಗೆ ಬಂದ ಮೇಲೆ ಗ್ಯಾರೇಜಿನವನು ಬಾನೆಟ್ ಕೂಡ ತೆರೆಯದೆ "ಪಂಪು ಹೋಗಿದೆ ಸಾರ್, ಹೊಸದು ಹಾಕ್ಬೇಕು" ಅಂದ. ಆದರೆ ಕಡ್ಡಿ ಎಳೆದಾಗ 'ಗುಂಯ್' ಅನ್ನುವ ಸದ್ದು ಬರುತ್ತಿತ್ತಲ್ಲ? ಸದ್ದೇ ಇಲ್ಲದಿದ್ದರೆ ಫ್ಯೂಸು, ವೈರು, ಮೋಟಾರು ನೋಡಬೇಕು. ಸದ್ದಿದ್ದೂ ನೀರಿಲ್ಲದಿದ್ದರೆ ಟ್ಯಾಂಕಿನಲ್ಲಿ ನೀರಿದೆಯಾ, ಪೈಪು ಕಳಚಿದೆಯಾ, ಇಲಿ ಕಡಿದಿದೆಯಾ, ನಾಝಲ್ ಕಟ್ಟಿದೆಯಾ ಅಂತ ನೋಡಬೇಕು.

ಮೆಕ್ಯಾನಿಕಲ್ ಓದಿ ಕೋಡ್ ಬರೆಯುವವನು ನಾನು :-) ಬಗ್ ಹುಡುಕುವ ಹಾಗೆ ದಾರಿಯನ್ನು ಮಧ್ಯದಲ್ಲೇ ಕತ್ತರಿಸಿದೆ. ಟ್ಯಾಂಕಿನಲ್ಲಿ ನೀರಿತ್ತು. ನಾಝಲ್‌ಗೆ ಸೇರುವ ರಬ್ಬರ್ ಪೈಪು ಬಿಡಿಸಿ, ತಮ್ಮನಿಗೆ "ಎಳಿ" ಅಂದೆ. ನೀರು ಸೀದಾ ನನ್ನ ಅಂಗಿಗೆ ಹಾರಿತು. ಪಂಪು ಸರಿಯಿದೆ, ಪೈಪೂ ಸರಿಯಿದೆ. ಉಳಿದದ್ದು ನಾಝಲ್ ಮಾತ್ರ. ಅದರ ತೂತಿನಲ್ಲಿ ಕೊಳಗದ ತಳದಲ್ಲಿ ಕಟ್ಟುವಂಥ ಬಿಳಿ ಗಸಿ! ಹಳೇ ಮಾಲೀಕರು ಬೋರ್‌ವೆಲ್ ನೀರು ತುಂಬಿಸುತ್ತಿದ್ದರಂತೆ. ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಪಿನ್ನಿನಿಂದ ಮೆಲ್ಲಗೆ ಬಿಡಿಸಿ, ತೊಳೆದು ಹಾಕಿದೆ. ಎರಡೂ ಕಡೆ ಚಿಮ್ಮಿತು. ಖರ್ಚು ಸೊನ್ನೆ.

ಈಗ ಟ್ಯಾಂಕಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಜೊತೆಗೆ ಅಂಗಡಿಯಲ್ಲಿ ಸಿಗುವ ವಾಷರ್ ದ್ರವ. ಶಾಂಪೂ ಬೇಡ, ನೊರೆಯ ಗೆರೆ ಗಾಜಿನಲ್ಲೇ ಉಳಿಯುತ್ತದೆ. ನೀರು ಖಾಲಿಯಾಗಿದ್ದರೆ ಕಡ್ಡಿ ಎಳೆಯುತ್ತಲೇ ಇರಬೇಡಿ, ಒಣಗಿದ ಪಂಪು ಬೇಗ ಹಾಳಾಗುತ್ತದೆ.

ನಾಳೆ ಕಾರು ತೆಗೆಯುವ ಮುಂಚೆ ಒಮ್ಮೆ ಆ ಕಡ್ಡಿ ಎಳೆದು ನೋಡ್ತೀರಲ್ವಾ? ನೀರು ಬರದಿದ್ದರೆ ಮೊದಲು ಕಿವಿಗೊಡಿ, ಪರ್ಸಿಗೆ ಕೈ ಹಾಕೋದು ಆಮೇಲೆ.