ತೂತಿನ ಪೈಸೆಯ ಸರ

ನಾನು ಮದುವೆಯಾಗಿ ನವಲಗುಂದಕ್ಕೆ ಬಂದ ಎರಡನೆಯ ವರ್ಷ, 1974ರಲ್ಲಿ, ಓಣಿಗೆ ಬಾಂಡೆ ಮಾರುವವಳು ಬಂದಳು. ಹಳೆಯ ತಾಮ್ರ, ಹಿತ್ತಾಳೆ ಕೊಟ್ಟರೆ ಹೊಸ ಸ್ಟೀಲು! ಆಗ ನಮಗೆಲ್ಲ ಸ್ಟೀಲಿನ ಹುಚ್ಚು ಎಷ್ಟಿತ್ತೆಂದು ನಿಮಗೂ ನೆನಪಿರಬೇಕು. ಅಡಿಗೆಮನೆಯ ಗೂಡಿನಲ್ಲಿ ಒಂದು ಸೋರುವ ತಂಬಿಗೆ ಇತ್ತು, ಅದರೊಳಗೆ ತೂತಿನ ಪೈಸೆಗಳ ಒಂದು ಸರ. ನಡೆಯದ ರೊಕ್ಕ ಯಾರಿಗೆ ಬೇಕು? ಎರಡನ್ನೂ ತಕ್ಕಡಿಗೆ ಹಾಕಿ ಒಂದು ಬಟ್ಟಲು ತೆಗೆದುಕೊಂಡೆ.

ಸಂಜೆ ಹೊಲದಿಂದ ಬಂದ ಅತ್ತೆಯವರು ಗೂಡಿನಲ್ಲಿ ಕೈಯಾಡಿಸಿದರು. ನಾನು ಹಿಗ್ಗಿನಿಂದ ಬಟ್ಟಲು ತೋರಿಸಿದೆ. ತಿರುಗಿಸಿ ನೋಡಿ, "ಚಲೋ ಐತಿ ಬಿಡವಾ" ಎಂದರು. ಮತ್ತೆ ಆ ಮಾತೆತ್ತಲಿಲ್ಲ.

ಅವರು ತೀರಿಕೊಂಡ ಮೇಲೆ ಅಣ್ಣಿಗೇರಿಯ ದೊಡ್ಡ ನಾದಿನಿ ಹೇಳಿದ್ದು: ಅದರಲ್ಲಿ ಸರಿಯಾಗಿ 64 ಪೈಸೆ ಇದ್ದವಂತೆ. ಅಂದರೆ ಒಂದು ರೂಪಾಯಿ. ಹತ್ತಿ ಬಿಡಿಸಿದ ಕೂಲಿಯಲ್ಲಿ ಉಳಿಸಿದ, ಅವರ ಸ್ವಂತದ್ದೆನ್ನುವ ಮೊದಲ ರೂಪಾಯಿ. 1957ರಲ್ಲಿ ನಯಾ ಪೈಸೆ ಬಂದು ಎಲ್ಲರೂ ಹಳೆಯದನ್ನು ಬದಲಿಸಿಕೊಳ್ಳುವಾಗಲೂ ಅವರು ದಾರ ಬಿಚ್ಚಲಿಲ್ಲವಂತೆ.

ಎರಡನೆಯ ಮಹಾಯುದ್ಧದಲ್ಲಿ ತಾಮ್ರ ಮದ್ದುಗುಂಡಿಗೆ ಬೇಕಾಯಿತು. ಜನ ಇದ್ದ ಚಿಲ್ಲರೆಯನ್ನೂ ಬಚ್ಚಿಟ್ಟರು. 1943ರಲ್ಲಿ ಸರಕಾರ ನಡುವೆ ತೂತಿಟ್ಟು ಪೈಸೆ ಹೊಡೆಸಿತು. ಹಿಂದಿನದು ಹೆಚ್ಚುಕಡಿಮೆ 5 ಗ್ರಾಂ ಇದ್ದರೆ ಇದು 2 ಗ್ರಾಂ. ಒಂದು ಬದಿಗೆ ಕಿರೀಟ, ಇಸವಿ. ಇನ್ನೊಂದು ಬದಿಗೆ ತೂತಿನ ಸುತ್ತ ಎಲೆಬಳ್ಳಿ. ರಾಜನ ಮುಖವಿಲ್ಲ. ನಡುವೆ ತೂತಾದರೆ ಮುಖ ಇಡುವುದೆಲ್ಲಿ! ಮುಂಬಯಿ, ಕಲಕತ್ತೆಗಳ ಟಂಕಸಾಲೆ ಸಾಲದೆ ಕೆಲವನ್ನು ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲೂ ಹೊಡೆದರು. ಪೋಣಿಸಿ ಬಚ್ಚಿಡಲು ಹೆಂಗಸರಿಗೆ ಮಾತ್ರ ಇಷ್ಟು ಅನುಕೂಲದ ನಾಣ್ಯ ಮತ್ತೊಂದಿರಲಿಲ್ಲ.

ಅಂದಿನಿಂದ ನಾನು ಹುಡುಕುತ್ತಿದ್ದೇನೆ. ಕುಂದಗೋಳದಲ್ಲಿ ಒಬ್ಬರ ಮನೆಯ ಚಿಲಕದ ಬೋಲ್ಟಿಗೆ ವಾಷರ್ ಆಗಿ ಕೂತಿತ್ತು. ಕಲಘಟಗಿಯಲ್ಲಿ ಒಂದು ಕೂಸಿನ ಉಡದಾರದಲ್ಲಿತ್ತು. ಕೇಳಲು ಮನಸ್ಸಾಗಲಿಲ್ಲ, ಅಜ್ಜಿಯೇ ಡಬ್ಬಿಯಿಂದ ಬೇರೆಯದನ್ನು ತೆಗೆದುಕೊಟ್ಟಳು. ಜರ್ಮನಿಯಿಂದ ಬಂದ ತಮ್ಮನ ಮಗ, "ಅತ್ಯಾ, ಇದು ನಿನಗ" ಎಂದು ಸತುವಿನ ನಾಣ್ಯವೊಂದನ್ನು ಕೈಗಿಟ್ಟ. ಮೊದಲನೆಯ ಮಹಾಯುದ್ಧದಲ್ಲಿ ಅಲ್ಲಿಯೂ ಚಿಲ್ಲರೆ ಮಾಯವಾಗಿ, ಊರೂರೇ ಕಬ್ಬಿಣ, ಸತುವಿನಲ್ಲಿ ನಾಣ್ಯ ಹೊಡೆಸಿದ್ದವಂತೆ. ನೋಟ್‌ಗೆಲ್ಡ್, ಅಂದರೆ ಅಡಚಣಿಯ ರೊಕ್ಕ. ಅದಕ್ಕೆ ತೂತಿಲ್ಲ, ಸರಕ್ಕೆ ಬರಲಿಲ್ಲ.

ಹುಬ್ಬಳ್ಳಿಯ ಅಂಗಡಿಯವನೊಬ್ಬ ಬೇಕಾದರೆ ಒಮ್ಮೆಗೇ ನೂರು ಕೊಡುತ್ತೇನೆಂದ. ಬೇಡವೆಂದೆ. ಯಾಕೆಂದು ಮನೆಯವರಿಗೂ ಬಿಡಿಸಿ ಹೇಳಲಾಗಲಿಲ್ಲ.

ಈಗ 41 ಆಗಿವೆ. ಆ ಸ್ಟೀಲ್ ಬಟ್ಟಲಿನಲ್ಲೇ ಇಟ್ಟಿದ್ದೇನೆ.